ಸಾವಿರ ಕಿಲೋಮೀಟರಿನ ಬಾಣಂತನ

ಅಪ್ಪ ಬಾನೆಟ್ ಎತ್ತಿಸಿ ಎರಡು ನಿಮಿಷ ಮಾತೇ ಆಡಲಿಲ್ಲ. ಅದು ಆಯುಧಪೂಜೆಯ ಬೆಳಿಗ್ಗೆ. ಮೈಸೂರಿನ ಕುವೆಂಪುನಗರದ ನಮ್ಮ ಮನೆಯ ಮುಂದೆ ನೀಲಿ ಬಣ್ಣದ ಹೊಸ ಕಾರು ನಿಂತಿತ್ತು. ಗ್ರಿಲ್ಲಿಗೆ ಅಡ್ಡವಾಗಿ ಚೆಂಡುಹೂವಿನ ಹಾರ ಇಳಿಬಿದ್ದಿತ್ತು, ನಾಲ್ಕೂ ಚಕ್ರದಡಿ ನಿಂಬೆಹಣ್ಣು ಇಟ್ಟಾಗಿತ್ತು, ಮಗಳು ಕರ್ಪೂರದ ತಟ್ಟೆ ಹಿಡಿದು ಕಾಯುತ್ತಿದ್ದಳು. ಅಪ್ಪ ಮಾತ್ರ ಪೂಜೆಯನ್ನೇ ಮರೆತವರಂತೆ ಒಳಗಿನ ಪೈಪು, ವೈರು, ಕಪ್ಪು ಮುಚ್ಚಳಗಳನ್ನು ನೋಡುತ್ತಾ ನಿಂತಿದ್ದರು. ಕೊನೆಗೆ, “ಇದರಲ್ಲಿ ಎಂಜಿನ್ ಎಲ್ಲಿದೆಯಮ್ಮ?” ಎಂದರು.

ಈ ಪ್ರಶ್ನೆ ಕೇಳುವ ಹಕ್ಕು ಅವರಿಗಿದೆ. ಯಾದವಗಿರಿಯ ಐಡಿಯಲ್ ಜಾವಾ ಮೋಟಾರ್‌ಸೈಕಲ್ ಕಾರ್ಖಾನೆಯಲ್ಲಿ ಎಂಜಿನ್ ಜೋಡಿಸುವ ಕೆಲಸದಲ್ಲಿದ್ದವರು ಅವರು. 1961ರಲ್ಲಿ ಶುರುವಾದ ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕುವವರೆಗೂ ಅಲ್ಲೇ ಇದ್ದರು. ಜಾವಾ, ಯೆಜ್ಡಿಗಳ 250 ಸಿಸಿ ಎಂಜಿನ್ ಬಿಚ್ಚಿದರೆ ಎಲ್ಲ ಕೈಗೆ ಸಿಗುತ್ತಿತ್ತು, ಕಣ್ಣಿಗೆ ಕಾಣುತ್ತಿತ್ತು. ಕಿಕ್ ಹೊಡೆಯುವುದೂ ಗೇರ್ ಹಾಕುವುದೂ ಒಂದೇ ಲಿವರಿನಲ್ಲಿ ಎಂಬುದನ್ನು ಅವರು ಈಗಲೂ ನೆಂಟರ ಹುಡುಗರಿಗೆ ವಿವರಿಸುತ್ತಾರೆ, ಹುಡುಗರು ಮೊಬೈಲ್ ನೋಡುತ್ತಾ ತಲೆಯಾಡಿಸುತ್ತಾರೆ.

ಪೂಜೆ ಮುಗಿದು, ಚಕ್ರಗಳು ನಿಂಬೆಹಣ್ಣು ಅರೆದ ಮೇಲೆ (ಬೂದುಗುಂಬಳವನ್ನು ನಾನು ರಸ್ತೆಯಲ್ಲಿ ಒಡೆಯಲು ಬಿಡಲಿಲ್ಲ, ಮರುದಿನ ಅದರ ಮೇಲೆ ಜಾರಿ ಬೀಳುವ ಸ್ಕೂಟರ್ ಸವಾರರನ್ನು ಪ್ರತಿ ವರ್ಷ ನೋಡಿ ಸಾಕಾಗಿದೆ) ಅಪ್ಪ ಒಂದು ಮಾತು ಹೇಳಿದರು: “ಸಾವಿರ ಕಿಲೋಮೀಟರ್ ಆಗುವವರೆಗೆ ಇದಕ್ಕೆ ಬಾಣಂತನ ಕಣಮ್ಮ. ಓಡಿಸು, ಆದರೆ ಆತುರ ಮಾಡಬೇಡ. ಒಳಗೆ ಪಿಸ್ಟನ್ನಿನ ರಿಂಗ್ ಕೂರಬೇಕು.”

ಕಾರಿನ ಜೊತೆ ಬಂದ ದಪ್ಪ ಪುಸ್ತಕವನ್ನು ಆ ರಾತ್ರಿ ತೆರೆದೆ. ಅದೇ ಮಾತನ್ನು ಅದು ಅಂಕಿಗಳಲ್ಲಿ ಹೇಳಿತ್ತು. ಮೊದಲ 1,000 ಕಿಲೋಮೀಟರ್ ಎಂಜಿನ್ 2,000ದಿಂದ 4,000 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತು) ನಡುವೆ ಇರಲಿ. ಒಂದೇ ವೇಗದಲ್ಲಿ ಬಹಳ ಹೊತ್ತು ಹೋಗಬೇಡಿ. ಅನಿವಾರ್ಯವಾದ ಹೊರತು ಬ್ರೇಕನ್ನು ಗಕ್ಕನೆ ಒತ್ತಬೇಡಿ. ಆರು ಸಾವಿರಕ್ಕೆ ಪೂರ್ತಿ ಶಕ್ತಿ ಕೊಡುವ ಎಂಜಿನ್ನನ್ನು ದುಡ್ಡು ಕೊಟ್ಟು ತಂದು, ನಾಲ್ಕು ಸಾವಿರದ ಗೆರೆ ದಾಟಬಾರದು ಎಂದರೆ ಹೇಗಿರುತ್ತದೆ? ಹೋಳಿಗೆ ಬಡಿಸಿ, ತುಪ್ಪವನ್ನು ಮೂರು ವಾರ ಬಿಟ್ಟು ಹಾಕುತ್ತೇವೆ ಎಂದ ಹಾಗೆ.

ಕಾರು ಯಾವುದೆಂದು ಹೇಳಲಿಲ್ಲ. ಹ್ಯುಂಡೈ ಐ20 ಎನ್ ಲೈನ್, ಒಂದು ಲೀಟರ್ ಟರ್ಬೊ ಪೆಟ್ರೋಲ್, ಆರು ಗೇರಿನ ಮ್ಯಾನ್ಯುಯಲ್. ನನಗೆ ನಲವತ್ತನಾಲ್ಕು ವರ್ಷ, ಮಂಡ್ಯದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಮನೆಯಿಂದ ಕಾಲೇಜಿಗೆ ಹೋಗಿ ಬಂದರೆ ನೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಮೊದಲೆಲ್ಲ ರೈಲಿನಲ್ಲಿ ಹೋಗುತ್ತಿದ್ದೆ, ಆಮೇಲೆ ಹದಿಮೂರು ವರ್ಷ ಒಂದು ಆಲ್ಟೊ ಓಡಿಸಿದೆ. ಅದು ಒಂದು ದಿನವೂ ದಾರಿಯಲ್ಲಿ ಕೈಕೊಟ್ಟಿದ್ದಿಲ್ಲ. ಆದರೆ ಒಂದು ದಿನವೂ ಅದನ್ನು ನಿಲ್ಲಿಸಿ ಬರುವಾಗ ನಾನು ಹಿಂತಿರುಗಿ ನೋಡಿದ್ದೂ ಇಲ್ಲ.

ಇಂಥ ಕಾರನ್ನು ಹಾಟ್ ಹ್ಯಾಚ್ ಎನ್ನುತ್ತಾರೆ. ಹಾಗೆಂದರೇನು ಎಂದು ಸಹೋದ್ಯೋಗಿಗಳು ಕೇಳಿದಾಗ ನಾನು ಹೀಗೆ ಹೇಳಿದೆ: ದೇವರಾಜ ಮಾರುಕಟ್ಟೆಗೆ ಸೊಪ್ಪು ತರಲು ಹೋಗುವ ಸಣ್ಣ ಕಾರಿಗೆ, ಅದರ ಮೈಗೆ ಮೀರಿದ ಎಂಜಿನ್ ಇಟ್ಟು, ಸಸ್ಪೆನ್ಷನ್ ಬಿಗಿ ಮಾಡಿ, ಬ್ರೇಕಿಗೆ ಬಲ ತುಂಬಿದ್ದು. 1976ರಲ್ಲಿ ಮಾರಾಟಕ್ಕೆ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐಯನ್ನು ಈ ವಂಶದ ಮೂಲಪುರುಷ ಎನ್ನುವುದು ರೂಢಿ. ಅದರ ಎಂಜಿನ್ 1.6 ಲೀಟರಿನದು, 110 ಅಶ್ವಶಕ್ತಿ. ನನ್ನದು 998 ಸಿಸಿ, ಮೂರೇ ಸಿಲಿಂಡರ್, 120 ಅಶ್ವಶಕ್ತಿ. ನಮ್ಮ ದೇಶದಲ್ಲಿ ಈ ಜಾತಿಯ ಕಾರುಗಳು ಬಂದು ಬಂದು ಹೋದವು: 2001ರಲ್ಲಿ ಫಿಯೆಟ್ ಪಾಲಿಯೊದ 1.6, 2013ರಲ್ಲಿ ಪೋಲೊ ಜಿಟಿ ಟಿಎಸ್‌ಐ, 2015ರಲ್ಲಿ ಅಬಾರ್ಥ್ ಪುಂಟೊ, 2017ರಲ್ಲಿ ಬಲೆನೊ ಆರ್‌ಎಸ್. ಹೊಗಳಿದವರು ಸಾವಿರ ಮಂದಿ, ಕೊಂಡವರು ಕೆಲವೇ ಮಂದಿ.

ನನ್ನ ಕಾರು ನಿಜವಾದ ಹಾಟ್ ಹ್ಯಾಚೇ ಅಲ್ಲ ಎನ್ನುವ ಪಂಡಿತರೂ ಇದ್ದಾರೆ, ನಮ್ಮ ಭೌತಶಾಸ್ತ್ರ ವಿಭಾಗದಲ್ಲೇ ಒಬ್ಬರಿದ್ದಾರೆ. ಅವರ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಯುರೋಪಿನಲ್ಲಿ ಮಾರಿದ ಐ20 ಎನ್ ಬೇರೆಯೇ, 1.6 ಲೀಟರ್ ಟರ್ಬೊ, 204 ಅಶ್ವಶಕ್ತಿ. ‘ಎನ್’ ಎಂದರೆ ಕೊರಿಯಾದ ನಮ್ಯಾಂಗ್‌ನಲ್ಲಿರುವ ಕಂಪನಿಯ ಸಂಶೋಧನಾ ಕೇಂದ್ರ ಮತ್ತು ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ಓಟದ ಪಥ, ಎರಡರ ಮೊದಲಕ್ಷರ. ‘ಎನ್ ಲೈನ್’ ಆ ಮನೆತನದ ಹೆಸರಿಟ್ಟುಕೊಂಡ ತಂಗಿ. ಹಾಗಾದರೆ ನಿಜವಾದದ್ದು ಬೇಕೆಂದರೆ? 2025ರಲ್ಲಿ ಗಾಲ್ಫ್ ಜಿಟಿಐ ಭಾರತಕ್ಕೂ ಬಂತು, ಬೆಲೆ ಸುಮಾರು 53 ಲಕ್ಷ. ಆ ದುಡ್ಡಿಗೆ ನಮ್ಮ ಕಡೆ ಮನೆ ಕಟ್ಟಿ ಗೃಹಪ್ರವೇಶದ ಊಟವನ್ನೂ ಹಾಕುತ್ತಾರೆ. ನನ್ನದು ಬಿಸಿಯಲ್ಲ, ಬರೀ ಬೆಚ್ಚಗಿದೆ ಎಂದರೆ ಎನ್ನಲಿ. ಆಲ್ಟೊದಿಂದ ಇಳಿದು ಹತ್ತಿದವಳಿಗೆ ಇದು ಕುದಿಯುವ ನೀರೇ.

ಮನೆಯಲ್ಲಿ ಒಪ್ಪಿಸಿದ್ದು ಇನ್ನೊಂದು ಕಥೆ. ಇವರಿಗೆ, ಅಂದರೆ ನನ್ನ ಗಂಡನಿಗೆ, ಎತ್ತರದ ಗಾಡಿ ಬೇಕಿತ್ತು. ಮಂಡಿ ನೋವು, ಹಳ್ಳಿಯ ರಸ್ತೆ, ಊರಿನಿಂದ ತರುವ ಅಕ್ಕಿ ಮೂಟೆ, ಎಲ್ಲ ಕಾರಣಗಳೂ ಸರಿಯಾಗಿಯೇ ಇದ್ದವು. ಈಚೆಗೆ ಮೈಸೂರಿನಲ್ಲಿ ಎಲ್ಲರೂ ಎತ್ತರದ ಗಾಡಿಯನ್ನೇ ಕೊಳ್ಳುತ್ತಾರೆ, ಕೊಂಡು ಬೋಗಾದಿ ರಸ್ತೆಯಲ್ಲಿ ಇಪ್ಪತ್ತರ ವೇಗದಲ್ಲಿ ಹೋಗುತ್ತಾರೆ. “ಓಡಿಸುವವಳು ನಾನು, ಕಂತು ಕಟ್ಟುವವಳೂ ನಾನು” ಎಂದ ಮೇಲೆ ಮಾತು ಮುಗಿಯಿತು. ಅವರು ಒಪ್ಪಿದರು ಎನ್ನುವುದಕ್ಕಿಂತ ಪತ್ರಿಕೆ ಓದತೊಡಗಿದರು ಎನ್ನಬೇಕು.

ಬೇರೊಂದು ಕಂಪನಿಯ ಷೋರೂಮಿಗೂ ಹೋಗಿದ್ದೆವು, ಹೆಸರು ಬೇಡ. ಅಲ್ಲಿನ ಹುಡುಗ ನಾನು ಕೇಳಿದ ಪ್ರತಿ ಪ್ರಶ್ನೆಗೂ ನನ್ನ ಗಂಡನ ಮುಖ ನೋಡಿ ಉತ್ತರ ಹೇಳಿದ. ಟಾರ್ಕ್, ಅಂದರೆ ಎಂಜಿನ್ನಿನ ತಿರುಗಿಸುವ ಬಲ, ಎಷ್ಟು ಆರ್‌ಪಿಎಂನಿಂದ ಸಿಗುತ್ತದೆ ಎಂದರೆ, “ಮೇಡಂಗೆ ಪಾರ್ಕಿಂಗ್ ಕ್ಯಾಮೆರಾ ತುಂಬಾ ಅನುಕೂಲ ಸಾರ್” ಎಂದ. ಇವರಿಗೇ ನಗು ಬಂತು. ಹೊರಗೆ ಬಂದು, “ನಿನಗೆ ಯಾವುದು ಬೇಕೋ ಅದನ್ನೇ ತೆಗೆದುಕೋ” ಎಂದರು. ಆ ಹುಡುಗನಿಗೆ ನಾನು ಋಣಿ.

ಬೆಲೆಯ ವಿಷಯದಲ್ಲಿ ಕಾದದ್ದು ಫಲ ಕೊಟ್ಟಿತು. ನಾಲ್ಕು ಮೀಟರಿಗಿಂತ ಉದ್ದವಿಲ್ಲದ, 1,200 ಸಿಸಿ ಮೀರದ ಪೆಟ್ರೋಲ್ ಕಾರುಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡ 28ರಿಂದ 18ಕ್ಕೆ ಇಳಿಯಿತು, ಮೇಲಿನ ಸೆಸ್ ಕೂಡ ಹೋಯಿತು. ಅದೇ ದಿನ ನವರಾತ್ರಿ ಶುರು. ನನ್ನ ಕಾರಿನ ಉದ್ದ 3,995 ಮಿಲಿಮೀಟರ್. ಯುರೋಪಿನ ಐ20 ನಾಲ್ಕು ಮೀಟರನ್ನು ದಾಟುತ್ತದೆ. ನಮ್ಮಲ್ಲಿ ತೆರಿಗೆಗಾಗಿ ಬಂಪರುಗಳನ್ನು ತುಸು ಒಳಗೆ ಎಳೆದುಕೊಂಡು ಗೆರೆಯಿಂದ ಐದು ಮಿಲಿಮೀಟರ್ ಈಚೆಗೆ ನಿಂತಿದೆ. ಒಂದು ಅಕ್ಕಿಕಾಳಿನ ಅಂತರ! ರಾಜ್ಯದ ರಸ್ತೆ ತೆರಿಗೆಗೂ ಇಂಥದೇ ಒಂದು ಗೆರೆ ಇದೆ. ಹತ್ತು ಲಕ್ಷದ ಒಳಗಿದ್ದರೆ ಶೇಕಡ 14, ದಾಟಿದರೆ 17. ಹಾಗಾಗಿ ಬೋಸ್ ಸ್ಪೀಕರ್ ಇರುವ ಮೇಲಿನ ಮಾದರಿಯನ್ನು ಬಿಟ್ಟು ಕೆಳಗಿನದಕ್ಕೇ ತೃಪ್ತಳಾದೆ. ಮಗಳು ಎರಡು ದಿನ ಮಾತು ಬಿಟ್ಟಿದ್ದಳು. ಬಣ್ಣವನ್ನು ನೀನೇ ಆರಿಸು ಎಂದ ಮೇಲೆ ರಾಜಿಯಾದಳು.

ಗಾಡಿ ಕೈಗೆ ಬರುವ ಮುಂಚೆ ನೋಡಬೇಕಾದ್ದನ್ನು ನೋಡಿಕೊಂಡೆ. ಟೈರಿನ ಪಕ್ಕೆಯಲ್ಲಿ ಅಚ್ಚೊತ್ತಿದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ; ನಾಲ್ಕು ಚಕ್ರವೂ ಸ್ಟೆಪ್ನಿಯೂ ಅದೇ ವರ್ಷದವು. ಹಗಲು ಬೆಳಕಿನಲ್ಲೇ ಬಣ್ಣ ನೋಡಿದೆ. ದಸರಾ ದೀಪಾಲಂಕಾರದ ಕೆಳಗೆ ನೋಡಿದರೆ ಎಲ್ಲ ಕಾರೂ ಹೊಳೆಯುತ್ತದೆ. ಆಯುಧಪೂಜೆಯ ಹಿಂದಿನ ಮಧ್ಯಾಹ್ನ ಕೀಲಿ ಕೈಗೆ ಬಂತು, ಅರಮನೆ ಸುತ್ತಲಿನ ಜನಜಂಗುಳಿಯನ್ನು ಬಳಸಿಕೊಂಡು ರಿಂಗ್ ರಸ್ತೆಯಲ್ಲಿ ಮನೆಗೆ ಬಂದೆ. ಆ ಹದಿನಾಲ್ಕು ಕಿಲೋಮೀಟರಿನಲ್ಲಿ ಎರಡು ಸಲ ಎಂಜಿನ್ ಆಫ್ ಮಾಡಿದೆ. ಕ್ಲಚ್ ಆಲ್ಟೊದ್ದಕ್ಕಿಂತ ತುಂಬಾ ಮೇಲೆ ಹಿಡಿಯುತ್ತದೆ.

ಇನ್ನು ಬಾಣಂತನ. ಇಲ್ಲೊಂದು ತಮಾಷೆಯಿದೆ. ನಾನು ದಿನವೂ ಹೋಗುವುದು ಮೈಸೂರು–ಬೆಂಗಳೂರು ದಶಪಥ ಹೆದ್ದಾರಿಯ ಕೊನೆಯ ತುಂಡಿನಲ್ಲಿ. 2023ರ ಮಾರ್ಚ್ 12ರಂದು ಪ್ರಧಾನಿಯವರು ಮಂಡ್ಯಕ್ಕೆ ಬಂದು ಉದ್ಘಾಟಿಸಿದ 118 ಕಿಲೋಮೀಟರಿನ ರಸ್ತೆ ಅದು. ಕಾರುಗಳಿಗೆ ನೂರರ ಮಿತಿ, ಕಂಬಗಳ ಮೇಲೆ ಕ್ಯಾಮೆರಾ. ಅಲ್ಲಿ ಆರನೇ ಗೇರಿಗೆ ಹಾಕಿ ನೂರರಲ್ಲಿ ನಿಲ್ಲಿಸಿದರೆ ಆರ್‌ಪಿಎಂ ಮುಳ್ಳು ಎರಡೂವರೆ ಸಾವಿರದ ಕೆಳಗೆ ಸುಮ್ಮನೆ ಮಲಗಿರುತ್ತದೆ. ಅದೇ ಆಗಬಾರದ್ದು, ಹೊಸ ಎಂಜಿನ್ ಒಂದೇ ವೇಗದಲ್ಲಿ ಹೋಗಬಾರದು. ಆದ್ದರಿಂದ ಮೂರು ವಾರ ನಾನು ಅಷ್ಟು ದೊಡ್ಡ ರಸ್ತೆಯನ್ನು ಪಕ್ಕಕ್ಕೆ ಬಿಟ್ಟು, ಶ್ರೀರಂಗಪಟ್ಟಣದ ಒಳಗಿನಿಂದ, ಸರ್ವಿಸ್ ರಸ್ತೆಯಲ್ಲಿ, ಬೈಕು, ಆಟೊ, ಟ್ರ್ಯಾಕ್ಟರುಗಳ ಜೊತೆ ಹೋದೆ. 2023ರ ಆಗಸ್ಟಿನಿಂದ ಅವಕ್ಕೆಲ್ಲ ಮುಖ್ಯ ಪಥದಲ್ಲಿ ಪ್ರವೇಶವಿಲ್ಲವಲ್ಲ, ಎಲ್ಲವೂ ಇಲ್ಲೇ. ಮೂರಕ್ಕೆ ಹಾಕು, ನಾಲ್ಕಕ್ಕೆ ಹಾಕು, ಮತ್ತೆ ಎರಡಕ್ಕೆ ಬಾ. ಹದಿನೈದು ನಿಮಿಷ ತಡವಾಗುತ್ತಿತ್ತು. ಆದರೆ ಕಾರು ನನಗೆ ಪರಿಚಯವಾದದ್ದು ಆ ಹದಿನೈದು ನಿಮಿಷಗಳಲ್ಲಿ.

ಪರಿಚಯವಾದದ್ದು ಏನು? ಮೊದಲು ಸ್ಟಿಯರಿಂಗ್. ಆಲ್ಟೊದಲ್ಲಿ ಚಕ್ರ ತಿರುಗಿಸಿದ ಮೇಲೆ ಕಾರು ಯೋಚಿಸಿ ತಿರುಗುತ್ತಿತ್ತು. ಇಲ್ಲಿ ಕೈ ಅಲುಗಿದ್ದೇ ತಡ, ಮೂಗು ಹೊರಳಿರುತ್ತದೆ. ಕಾವೇರಿ ದಾಟಿ ಶ್ರೀರಂಗಪಟ್ಟಣದೊಳಗೆ ಹೋಗುವ ತಿರುವಿನಲ್ಲಿ ಮೈ ಒಂದು ಕಡೆಗೆ ವಾಲುವುದೇ ಇಲ್ಲ. ಪಕ್ಕದ ಸೀಟಿನಲ್ಲಿ ಇಟ್ಟ ಊಟದ ಡಬ್ಬಿ ಮಾತ್ರ ಬಾಗಿಲಿಗೆ ಹೋಗಿ ಬಡಿಯುತ್ತದೆ. ಎರಡನೆಯದು ಟರ್ಬೊ. ಕಾಗದದ ಮೇಲೆ 172 ನ್ಯೂಟನ್ ಮೀಟರ್ ಟಾರ್ಕ್ 1,500 ಆರ್‌ಪಿಎಂನಿಂದಲೇ ಸಿಗುತ್ತದೆ. ನನ್ನ ಕಾಲಿಗೆ ತಿಳಿದಂತೆ, 1,800ರ ಕೆಳಗೆ ಅದು ನಿದ್ದೆಗಣ್ಣಿನಲ್ಲಿರುತ್ತದೆ. ಒತ್ತಿದರೆ ಒಂದು ಗುಕ್ಕು ನೀರು ಕುಡಿಯುವಷ್ಟು ಹೊತ್ತು ಏನೂ ಆಗುವುದಿಲ್ಲ, ಆಮೇಲೆ ಬೆನ್ನಿಗೆ ಯಾರೋ ಅಂಗೈ ಇಟ್ಟು ತಳ್ಳಿದ ಹಾಗೆ ಹೊರಡುತ್ತದೆ. ಆ ಅಂಗೈಗೆ ನಾನು ಒಂದೇ ವಾರದಲ್ಲಿ ದಾಸಿಯಾದೆ.

ಇದನ್ನು ತರಗತಿಯಲ್ಲೂ ಹೇಳಿಬಿಟ್ಟೆ. ದ್ವಿತೀಯ ವರ್ಷದ ಮಕ್ಕಳಿಗೆ ದಹನಕ್ರಿಯೆ ಪಾಠ ಮಾಡುವಾಗ ಹಲಗೆಯ ಮೇಲೆ ಟರ್ಬೊ ಚಿತ್ರ ಬರೆದೆ. ಹೊರಗೆ ಹೋಗುವ ಹೊಗೆ ಒಂದು ಗಾಳಿಚಕ್ರವನ್ನು ತಿರುಗಿಸುತ್ತದೆ, ಅದೇ ದಂಡಕ್ಕೆ ಕಟ್ಟಿದ ಇನ್ನೊಂದು ಚಕ್ರ ಒಳಗೆ ಬರುವ ಗಾಳಿಯನ್ನು ಒತ್ತಿ ತುಂಬುತ್ತದೆ. ಒಂದು ಭಾಗ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ಗಾಳಿ ಹೆಚ್ಚು ತುಂಬಿದರೆ ಪೆಟ್ರೋಲನ್ನೂ ಹೆಚ್ಚು ಉರಿಸಬಹುದು. ಸಣ್ಣ ಎಂಜಿನ್ ದೊಡ್ಡದರಂತೆ ದುಡಿಯುವ ಗುಟ್ಟು ಇಷ್ಟೇ. ಹೊಗೆ ಜೋರಾಗಿ ಬರುವ ತನಕ ಚಕ್ರ ಜೋರಾಗಿ ತಿರುಗುವುದಿಲ್ಲ, ಅದಕ್ಕೇ ಆ ಒಂದು ಗುಕ್ಕಿನ ವಿಳಂಬ. ಹಿಂದಿನ ಬೆಂಚಿನ ಹುಡುಗನೊಬ್ಬ, “ಮೇಡಂ, ಈಗ ಬಂಕಿನಲ್ಲಿ ಹಾಕುವುದು ಪೂರ್ತಿ ಪೆಟ್ರೋಲ್ ಅಲ್ಲವಲ್ಲ” ಎಂದ. ಜಾಣ. ಈಗ ಸಿಗುವ ಇ20ಯಲ್ಲಿ ಐದನೆಯ ಒಂದು ಭಾಗ ಎಥನಾಲ್. ಲೀಟರಿಗೆ ಲೀಟರ್ ಹೋಲಿಸಿದರೆ ಎಥನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದರಷ್ಟು ಶಕ್ತಿ ಕಡಿಮೆ, ಮೈಲೇಜಿಗೆ ಪೆಟ್ಟು. ಆದರೆ ಅದರ ಆಕ್ಟೇನ್ ಜಾಸ್ತಿ, ಒತ್ತಿ ತುಂಬಿದ ಗಾಳಿಯ ಬಿಸಿಗೆ ತಾನಾಗಿ ಸಿಡಿಯುವುದಿಲ್ಲ, ಟರ್ಬೊಗೆ ಅದು ಒಳ್ಳೆಯದೇ. ಆ ಹುಡುಗನ ತಂದೆ ಕಬ್ಬು ಬೆಳೆಯುತ್ತಾರೆ. “ಹಾಗಾದರೆ ನಮ್ಮ ಕಬ್ಬೇ ನಿಮ್ಮ ಕಾರಿನಲ್ಲಿ ಓಡುತ್ತಿರಬಹುದು ಮೇಡಂ” ಎಂದ. ಇರಬಹುದು. ಅಂದಿನ ಪಾಠ ಅಲ್ಲಿಗೇ ನಿಂತಿತು, ಉಳಿದ ಹೊತ್ತು ಕಾರಿನದೇ ಮಾತು.

ಆ ಕಬ್ಬು ಇನ್ನೊಂದು ರೀತಿಯಲ್ಲೂ ಎದುರಾಯಿತು. ಒಂದು ಭಾನುವಾರ ಮೇಲುಕೋಟೆಗೆ ಹೋಗಿ, ಪುಳಿಯೋಗರೆ ತಿಂದು, ಸಂಜೆಯಾಗುವ ಹೊತ್ತಿಗೆ ಪಾಂಡವಪುರದ ಕಡೆ ಇಳಿಯುತ್ತಿದ್ದೆವು. ಮಬ್ಬುಗತ್ತಲೆ. ತಿರುವು ಮುಗಿದದ್ದೇ ಎದುರಿಗೆ ಕರಿಯ ಗೋಡೆ. ಕಬ್ಬು ತುಂಬಿದ ಟ್ರ್ಯಾಕ್ಟರು, ಹಿಂದೆ ಎರಡು ಟ್ರೇಲರು, ದೀಪವಿಲ್ಲ, ಹೊಳೆಯುವ ಪಟ್ಟಿಯೂ ಇಲ್ಲ, ಕಬ್ಬಿನ ತುದಿಗಳು ರಸ್ತೆಯ ಅರ್ಧಕ್ಕೆ ಚಾಚಿಕೊಂಡಿದ್ದವು. ಪುಸ್ತಕದ ‘ಅನಿವಾರ್ಯವಾದ ಹೊರತು’ ಎಂಬ ಮಾತು ನನ್ನ ಕಾಲಿಗೆ ನೆನಪಿತ್ತು ಎಂದು ಕಾಣುತ್ತದೆ, ಪೂರ್ತಿ ಒತ್ತಿತು. ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕು. ಪೆಡಲ್ ಕಾಲಡಿಯಲ್ಲಿ ಟಕಟಕ ನಡುಗಿತು, ಕಾರು ಅತ್ತಿತ್ತ ಆಡದೆ ನೆಟ್ಟಗೆ ನಿಂತಿತು. ಒಂದು ಕಬ್ಬಿನ ಸೋಗೆ ಬಾನೆಟ್ಟಿನ ಮೇಲೆ, ಗಾಜಿಗೆ ಒಂದು ಗೇಣು ದೂರದಲ್ಲಿ ಅಲ್ಲಾಡುತ್ತಿತ್ತು. ಹಿಂದಿನ ಸೀಟಿನಿಂದ ಮಗಳು ಉಸಿರು ಬಿಟ್ಟದ್ದು ಕೇಳಿಸಿತು. ಎತ್ತರದ ಗಾಡಿ ಬೇಕೆಂದಿದ್ದ ಇವರು ಅಂದಿನಿಂದ ಆ ಮಾತು ಎತ್ತಿಲ್ಲ. ಬೋಸ್ ಸ್ಪೀಕರಿನ ಮಾತೂ ನಿಂತಿದೆ.

ಹಾಗೆಂದು ಎಲ್ಲವೂ ಸುಖವೆಂದಲ್ಲ. ಟೈರಿನ ಪಕ್ಕೆ ನೋಡಿ: 195/55 ಆರ್16. ರಿಮ್ಮಿನಿಂದ ನೆಲಕ್ಕೆ ರಬ್ಬರು 107 ಮಿಲಿಮೀಟರ್. ಎಷ್ಟೋ ಚಿಕ್ಕ ಚಕ್ರದ ಆಲ್ಟೊದಲ್ಲಿ ಅದು 116 ಇತ್ತು. ರಬ್ಬರು ಕಡಿಮೆ, ಸಸ್ಪೆನ್ಷನ್ ಬಿಗಿ; ಹಳ್ಳಿಯವರು ತಾವೇ ಹಾಕಿಕೊಂಡ ಹಂಪುಗಳು, ಪೈಪು ಹಾಕಲು ಅಗೆದು ಮುಚ್ಚದೆ ಬಿಟ್ಟ ಗೀರುಗಳು ಒಂದೊಂದೂ ಬೆನ್ನುಹುರಿಗೆ ವರದಿಯಾಗುತ್ತವೆ. ಅರವತ್ತರ ಮೇಲೆ ಹೋದರೆ ಅದೇ ಬಿಗಿ ಸುಖವಾಗುತ್ತದೆ, ಕಾರು ನೆಲಕ್ಕೆ ಅಂಟಿಕೊಂಡು ಹೋಗುತ್ತದೆ. ಆದರೆ ನಮ್ಮ ಬೀದಿಯಲ್ಲಿ ಅರವತ್ತರ ಮೇಲೆ ಯಾರು ಹೋಗುತ್ತಾರೆ? ಹಿಂದಿನ ಸೀಟಿನಲ್ಲಿ ಒಮ್ಮೆ ಕೂತ ಅಪ್ಪ, “ಇದಕ್ಕಿಂತ ನಮ್ಮ ಊರಿನ ಎತ್ತಿನಗಾಡಿಯಲ್ಲಿ ಹುಲ್ಲಾದರೂ ಹಾಸಿರುತ್ತಿತ್ತು” ಎಂದು ಮುಂದಿನ ಸೀಟಿಗೆ ಬಂದರು. ಬಂದವರು ಅಲ್ಲೇ ಉಳಿದರು.

ಮುಂದಿನ ಸೀಟಿಗೆ ಬಂದ ಮೇಲೆ ಅವರ ಆಟ ಶುರುವಾಯಿತು. ಸಂಜೆ ನಾನು ಬಂದ ಮೇಲೆ ಅರ್ಧ ಗಂಟೆ ಜೊತೆಗೆ ಬರುತ್ತಿದ್ದರು. ಮುಳ್ಳಿನ ಕಡೆ ನೋಡುವುದಿಲ್ಲ, ನೋಡಿದರೂ ಕನ್ನಡಕವಿಲ್ಲದೆ ಕಾಣುವುದಿಲ್ಲ. ಕಣ್ಣು ಮುಚ್ಚಿ, ಬಲಗೈಯ ತೋರುಬೆರಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಾರೆ. ಗೇರ್ ಬದಲಿಸಬೇಕು ಎನಿಸಿದಾಗ ಬೆರಳು ಒಮ್ಮೆ ಕುಟ್ಟುತ್ತದೆ. ನಾನು ಮುಳ್ಳು ನೋಡುತ್ತೇನೆ: ಮೂರೂವರೆ ಸಾವಿರ. ಮತ್ತೆ ಕುಟ್ಟು, ಮತ್ತೆ ಮೂರೂವರೆ. ನೂರಿನ್ನೂರು ಆಚೀಚೆ ಇರಬಹುದು, ಅದಕ್ಕಿಂತ ತಪ್ಪಿದ್ದನ್ನು ನಾನು ಕಾಣೆ. ಯೆಜ್ಡಿಗಳ ಎರಡು ಸೈಲೆನ್ಸರಿನ ಸದ್ದಿಗೆ ಪಳಗಿದ ಕಿವಿ ಈ ಮೂರು ಸಿಲಿಂಡರಿನ ಗೊರಗೊರವನ್ನು ವಾರದೊಳಗೆ ಕಲಿತುಬಿಟ್ಟಿತ್ತು.

ಆ ಕಿವಿ ಒಮ್ಮೆ ಮೋಸ ಹೋಗಿದ್ದೂ ಉಂಟು. ಮೆಟ್ರೋಪೋಲ್ ವೃತ್ತದ ಸಿಗ್ನಲ್ಲಿನಲ್ಲಿ ನಿಂತು ಗೇರ್ ತೆಗೆದು ಕ್ಲಚ್ ಬಿಟ್ಟೆ. ಪೆಟ್ರೋಲ್ ಉಳಿಸಲು ಎಂಜಿನ್ ತಾನಾಗಿಯೇ ನಿಂತಿತು, ಅದರ ಸ್ವಭಾವವೇ ಹಾಗೆ. ಅಪ್ಪ ಕಣ್ಣು ತೆರೆದು ಗಾಬರಿಯಿಂದ, “ಆಫ್ ಆಯಿತು, ಆಫ್ ಆಯಿತು, ಕಿಕ್ ಹೊಡಿ” ಎಂದರು. ಅವರ ಎಡಗಾಲು ಕಾರ್ಪೆಟ್ಟಿನ ಮೇಲೆ ಒಂದು ಒದೆ ಒದ್ದಿತ್ತು. ಅಷ್ಟರಲ್ಲಿ ಹಸಿರು ಬಂತು, ನಾನು ಕ್ಲಚ್ ಒತ್ತಿದೆ, ಎಂಜಿನ್ ಎದ್ದಿತು. ಮನೆ ಮುಟ್ಟುವವರೆಗೆ ಇಬ್ಬರೂ ನಗುತ್ತಲೇ ಇದ್ದೆವು.

ಇನ್ನೊಮ್ಮೆ ಅವರು ಬೆಳಗಿನ ಜಾವ ನನ್ನನ್ನು ಎಬ್ಬಿಸಿ, “ಟ್ಯಾಪೆಟ್ ಸಡಿಲ ಇದೆ” ಎಂದರು. ಎಂಜಿನ್ನಿನ ಕವಾಟಗಳನ್ನು ಒತ್ತಿ ತೆರೆಯುವ ಭಾಗ ಅದು. ಹಿಂದಿನ ಸಂಜೆ ಕೇಳಿಸಿಕೊಂಡದ್ದಂತೆ, ರಾತ್ರಿಯೆಲ್ಲ ಯೋಚಿಸಿದ್ದಾರೆ. ಎಂಜಿನ್ ಶುರು ಮಾಡಿಸಿ, ತಮ್ಮ ಹಳೆಯ ಪೆಟ್ಟಿಗೆಯಿಂದ ಉದ್ದನೆಯ ಸ್ಕ್ರೂಡ್ರೈವರ್ ತಂದು, ತುದಿಯನ್ನು ಎಂಜಿನ್ನಿಗೆ ಮುಟ್ಟಿಸಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿಕೊಂಡರು. ಡಾಕ್ಟರು ಸ್ಟೆತಸ್ಕೋಪ್ ಇಡುವ ಹಾಗೆ ಜಾಗ ಬದಲಿಸುತ್ತಾ ಹೋದರು. ಮರದ ಹಿಡಿ ಸವೆದು ಅವರ ಅಂಗೈಯ ಆಕಾರಕ್ಕೇ ಬಂದಿದೆ. “ಟಿಕ್ ಟಿಕ್ ಟಿಕ್. ಕೇಳು” ಎಂದು ನನ್ನ ಕಿವಿಗೂ ಇಟ್ಟರು. ನಿಜ, ಹೊಲಿಗೆ ಯಂತ್ರ ಪಕ್ಕದ ಮನೆಯಲ್ಲಿ ಓಡುತ್ತಿರುವಂಥ ಸದ್ದು. ಮೊದಲ ಸರ್ವಿಸಿಗೆ ಹೋದಾಗ ಅಲ್ಲಿನ ಹಿರಿಯ ಮೆಕ್ಯಾನಿಕ್ ಅಪ್ಪನ ಮಾತನ್ನು ಗೌರವದಿಂದಲೇ ಕೇಳಿ, ಸರಿಯಾದ ಕಾರಣ ಹೇಳಿದರು. ಇದರಲ್ಲಿ ಪೆಟ್ರೋಲ್ ಕಾರ್ಬೊರೇಟರಿನಿಂದ ಬರುವುದಿಲ್ಲ, ಇನ್‌ಟೇಕ್ ಪೈಪಿನಲ್ಲೂ ಸಿಂಪಡಿಸುವುದಿಲ್ಲ. ಭಾರಿ ಒತ್ತಡದಲ್ಲಿ ನೇರವಾಗಿ ಸಿಲಿಂಡರಿನ ಒಳಗೇ ಚಿಮ್ಮುತ್ತದೆ. ಆ ಇಂಜೆಕ್ಟರುಗಳು ತೆರೆದು ಮುಚ್ಚುವ ಸದ್ದೇ ಅದು, ಹುಟ್ಟುಗುಣ. ಅಪ್ಪ, “ಹಾಗಾದರೆ ಸರಿ” ಎಂದರು. ಮನೆಗೆ ಬಂದ ಮೇಲೆ, “ಆದರೂ ಸದ್ದು ಸದ್ದೇ” ಎಂದರು.

ಕಾಲೇಜಿನ ನಿಲುಗಡೆಯಲ್ಲಿ ಕಾರು ನಿಂತ ಮೊದಲ ದಿನ ನಾಲ್ಕು ಮಂದಿ ಬಂದು ಸುತ್ತ ತಿರುಗಿ, ಹಿಂದಿನ ಜೋಡಿ ಸೈಲೆನ್ಸರು, ಕೆಂಪು ಬಣ್ಣದ ಬ್ರೇಕ್ ಕ್ಯಾಲಿಪರು ನೋಡಿ, “ಮಗನಿಗೆ ತೆಗೆದಿರಾ ಮೇಡಂ?” ಎಂದು ಕೇಳಿದರು. ನನಗಿರುವುದು ಮಗಳು, ಅವಳಿಗೆ ಇನ್ನೂ ಲೈಸೆನ್ಸ್ ಬಂದಿಲ್ಲ. “ನನಗೇ” ಎಂದಾಗ ಒಬ್ಬರು, “ಓಹ್, ಪಾರ್ಕಿಂಗಿಗೆ ಸುಲಭ ಅಲ್ಲವೇ” ಎಂದರು. ಹಾಗೆಂದವರು ಮರುವಾರ ಮೆಲ್ಲಗೆ ಬಂದು ಒಂದು ಸುತ್ತು ಕೊಡುತ್ತೀರಾ ಎಂದು ಕೇಳಿದರು. ಕೊಟ್ಟೆ. ವಿದ್ಯಾರ್ಥಿಗಳು ಮಾತ್ರ ಮೊದಲ ದಿನದಿಂದಲೇ ನನ್ನನ್ನು ಬೇರೆ ಕಣ್ಣಿನಿಂದ ನೋಡುತ್ತಿದ್ದಾರೆ. ಹಾಜರಾತಿ ಕೂಡ ಸುಧಾರಿಸಿದೆ.

ಲೆಕ್ಕ ಕೇಳುವವರಿಗಾಗಿ: ಟ್ಯಾಂಕ್ ತುಂಬಿಸಿ ತುಂಬಿಸಿ ಬರೆದಿಟ್ಟ ಪ್ರಕಾರ ಊರೊಳಗೆ ಲೀಟರಿಗೆ ಹನ್ನೆರಡೂವರೆ, ಮಂಡ್ಯದ ದಾರಿಯಲ್ಲಿ ಹದಿನೇಳು. ಆಲ್ಟೊ ಇದಕ್ಕಿಂತ ಎಷ್ಟೋ ಮಿತಭೋಜಿ. ಟೋಲಿಗೆ ಫಾಸ್ಟ್ಯಾಗ್ ವಾರ್ಷಿಕ ಪಾಸು ಮಾಡಿಸಿದೆ, 3,000 ರೂಪಾಯಿಗೆ 200 ಸಲ. ಗಣಂಗೂರಿನಲ್ಲಿ ದಿನಕ್ಕೆ ಎರಡು ಸಲ ದಾಟುವವಳಿಗೆ ಅದು ನೂರು ದಿನಕ್ಕೆ ಮುಗಿಯುತ್ತದೆ. ‘ವಾರ್ಷಿಕ’ ಎಂದು ಯಾರ ವರ್ಷ ನೋಡಿ ಹೆಸರಿಟ್ಟರೋ.

ಮೀಟರು 1,000 ಮುಟ್ಟಿದ್ದು ಒಂದು ಶುಕ್ರವಾರ ಸಂಜೆ, ಶ್ರೀರಂಗಪಟ್ಟಣದ ಹತ್ತಿರ, ಲಾರಿಯೊಂದರ ಹಿಂದೆ, ಇಪ್ಪತ್ತೆರಡರ ವೇಗದಲ್ಲಿ. ಏನೂ ಮಾಡಲಾಗಲಿಲ್ಲ. ಮನೆಗೆ ಬಂದು ಹೇಳಿದಾಗ ಅಪ್ಪ ಬೆಳಿಗ್ಗೆ ನೋಡೋಣ ಎಂದರು.

ಬೆಳಿಗ್ಗೆ ಆರಕ್ಕೇ ಸ್ವೆಟರ್, ಮಫ್ಲರ್ ಹಾಕಿಕೊಂಡು ಸಿದ್ಧರಾಗಿದ್ದರು. ಮೊದಲು ಬಾನೆಟ್ ಎತ್ತಿಸಿದರು. ತಣ್ಣಗಿದ್ದ ಎಂಜಿನ್ನಿನಿಂದ ಡಿಪ್‌ಸ್ಟಿಕ್ ಎಳೆದು, ಹಳೆಯ ಬನಿಯನ್ನಿನ ತುಂಡಿನಲ್ಲಿ ಒರೆಸಿ, ಮತ್ತೆ ಇಳಿಸಿ ಎತ್ತಿದರು. ತುದಿಯ ಎಣ್ಣೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿದರು, ಬೆಳಕಿಗೆ ಹಿಡಿದರು, ಮೂಸಿದರು. ಮಟ್ಟ ಮೇಲಿನ ಗುರುತಿಗೆ ಕೂದಲೆಳೆಯಷ್ಟು ಕೆಳಗಿತ್ತು. “ಕುಡಿದಿಲ್ಲ” ಎಂದರು. ಬೆರಳನ್ನು ಬನಿಯನ್ನಿಗೆ ಒರೆಸಿಕೊಂಡು ಕಾರು ಹತ್ತಿದರು.

ಚಾಮುಂಡಿ ಬೆಟ್ಟದ ಬುಡದವರೆಗೆ ಮೆಲ್ಲಗೆ ಹೋದೆ, ಎಂಜಿನ್ ಬಿಸಿಯಾಗಲಿ ಎಂದು. ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. ರಸ್ತೆ ಖಾಲಿ, ಬೆಟ್ಟ ಹತ್ತುವ ನಡಿಗೆಯವರೆಲ್ಲ ಮೆಟ್ಟಿಲಿನ ಕಡೆ. ಮೊದಲ ತಿರುವಿನಲ್ಲಿ ಮೂರನೇ ಗೇರಿನಲ್ಲೇ ಉಳಿದು ತಪ್ಪು ಮಾಡಿದೆ, ಎಂಜಿನ್ ಗೊಣಗಿತು, ಎರಡಕ್ಕೆ ಇಳಿಸಿದೆ. ಮುಂದೆ ನೆಟ್ಟಗಿನ ಏರು. ಒತ್ತಿದೆ. ಆ ಅಂಗೈ ಬೆನ್ನಿಗೆ ಬಂತು. ಅಪ್ಪ ಎಂದಿನಂತೆ ಕಣ್ಣು ಮುಚ್ಚಿದ್ದರು, ಬೆರಳು ತೊಡೆಯ ಮೇಲಿತ್ತು.

ಮೂರು ಸಾವಿರ. ಮೂರೂವರೆ. ನನ್ನ ಎಡಗಾಲು ಅಭ್ಯಾಸದಿಂದ ಕ್ಲಚ್ಚಿಗೆ ಹೋಯಿತು, ಬೆರಳು ಅಲುಗಲಿಲ್ಲ. ನಾಲ್ಕು ಸಾವಿರ. ಸದ್ದಿನ ಬಣ್ಣವೇ ಬದಲಾಯಿತು. ಗೊರಗೊರ ಹೋಗಿ, ಬಟ್ಟೆ ಹರಿದಂಥ ಒಂದು ನೀಳ ದನಿ. ಬೆರಳು ಅಲುಗಲಿಲ್ಲ. ನಾಲ್ಕೂವರೆ, ಐದು. ಅಪ್ಪನ ಮಫ್ಲರಿನೊಳಗೆ ಮುಖ ಅರಳುತ್ತಿರುವುದು ಕಣ್ಣಂಚಿಗೆ ಕಾಣುತ್ತಿತ್ತು. ಐದೂವರೆ.

ಬೆರಳು ಒಮ್ಮೆ ಕುಟ್ಟಿತು.